ಬೋರಿಂಗ್ ಮೇಸ್ತ್ರಿಯ ನಾಳೆ

ಬೆಂಗಳೂರಿನ ಕಲಾಸಿಪಾಳ್ಯ, ಜೆ.ಸಿ. ರಸ್ತೆಯ ಗಲ್ಲಿಗಳಲ್ಲಿ ಇಂಜಿನ್ ಬಿಚ್ಚುವವರಿಗೇನೂ ಬರವಿಲ್ಲ. ಬಿಚ್ಚಿದ ಮೇಲೆ ಎಲ್ಲರೂ ಬಂದು ನಿಲ್ಲಬೇಕಾದದ್ದು ಸವೆದ ಸಿಲಿಂಡರ್ ಕೊರೆದುಕೊಡುವ ಬೋರಿಂಗ್ ಮೇಸ್ತ್ರಿಯ ಬಾಗಿಲಿಗೆ. ಗಿರಾಕಿ ಮೆಕ್ಯಾನಿಕ್ಕಿಗೆ ಹೆದರುತ್ತಾನೆ, ಮೆಕ್ಯಾನಿಕ್ಕು ಮೇಸ್ತ್ರಿಗೆ ಹೆದರುತ್ತಾನೆ. ಮೇಸ್ತ್ರಿಗಳು ಹೆದರುವುದು ಅರ್ಧ ಬೋರಿಗೆ ಕರೆಂಟ್ ಹೋಗುವುದಕ್ಕೆ ಮಾತ್ರ.

ಒಳಗೆ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಒಂದಿರುತ್ತದೆ. ಅದನ್ನು ಹೆತ್ತ ಕಾರ್ಖಾನೆ ಬಾಗಿಲು ಹಾಕಿಕೊಂಡಿದ್ದು ಅದಕ್ಕಿನ್ನೂ ಯಾರೂ ಹೇಳಿಲ್ಲ.

ಇಂಥಲ್ಲಿಗೆ ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿಯ ಬ್ಲಾಕನ್ನು ಆಟೋದಲ್ಲಿ ಹೇರಿಕೊಂಡು ಒಬ್ಬ ಸಾಫ್ಟ್‌ವೇರ್ ಹುಡುಗ ಬರುತ್ತಾನೆ. ಮೊಬೈಲಿನಲ್ಲಿ ಮ್ಯಾನುಯಲ್ ಇದೆ. "ಬೋರ್ 68 ಮಿ.ಮೀ., ಸ್ಟ್ರೋಕ್ 75..." ಎಂದು ಓದತೊಡಗುತ್ತಾನೆ. ಮೇಸ್ತ್ರಿಗಳು ಅತ್ತ ನೋಡುವುದೇ ಇಲ್ಲ. ಸಿಲಿಂಡರಿನ ಬಾಯೊಳಗೆ ಬೆರಳಿಟ್ಟು ಉಗುರಿನಿಂದ ಒಮ್ಮೆ ಗೀರುತ್ತಾರೆ. ರಿಂಗು ಉಜ್ಜಿ ಉಜ್ಜಿ ಮೇಲ್ಗಡೆಯೇ ಹೆಚ್ಚು ಸವೆಯುವುದರಿಂದ ಅಲ್ಲೊಂದು ಮೆಟ್ಟಿಲು ಎದ್ದಿರುತ್ತದೆ.

"ಸ್ಟ್ಯಾಂಡರ್ಡ್ ಹೋಯ್ತು. ಐವತ್ತಕ್ಕೆ ಹೋಗ್ಬೇಕು. ಪಿಸ್ಟನ್ ತನ್ನಿ ಸಾರ್."

ಐವತ್ತು ಎಂದರೆ ಬೋರು ಅರ್ಧ ಮಿಲಿಮೀಟರ್ ದೊಡ್ಡದು. ಆಮೇಲೆ ಬೋರ್ ಗೇಜ್ ಇಳಿಸುತ್ತಾರೆ. ಉಗುರು ಹೇಳಿದ್ದನ್ನೇ ಅದೂ ಹೇಳುತ್ತದೆ.

"ಮೊದ್ಲು ಬೋರ್ ಮಾಡ್ಬಿಡಿ, ಪಿಸ್ಟನ್ ಆಮೇಲೆ ತರ್ತೀನಿ."

"ಹುಡುಗಿ ನೋಡೋಕ್ ಮುಂಚೆ ಛತ್ರ ಬುಕ್ ಮಾಡ್ತೀರಾ?"

ಪಿಸ್ಟನ್ ಕೈಗೆ ಬಂದ ಮೇಲೆ ಒಂದೊಂದನ್ನೂ ಅಳೆದು, ಅದರದರ ಅಳತೆಗೆ ಅದರದರ ಮನೆ ಕೊರೆಯಬೇಕು. ನಡುವೆ ಬಿಡುವ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಕೊನೆಯ ಚೂರನ್ನು ಹೋನಿಂಗಿಗೆ ಉಳಿಸಿ, ಗೋಡೆಯ ಮೇಲೆ ಅಡ್ಡಡ್ಡ ಗೀರು ಎಳೆಯುತ್ತಾರೆ, ಎಣ್ಣೆ ನಿಲ್ಲಲಿ ಎಂದು. ಕ್ರ್ಯಾಂಕಿನ ಲೆಕ್ಕ ಉಲ್ಟಾ: ಗ್ರೈಂಡ್ ಮಾಡಿದಷ್ಟೂ ಅದು ಸಣ್ಣದಾಗುತ್ತದೆ, ಅದರ ಬೇರಿಂಗ್ ಮೆಟಲ್ಲು ದಪ್ಪನೆಯದು ತರಬೇಕು. ಹುಡುಗ ಒಂದು ಕಡೆ ಓವರ್‌ಸೈಜ್, ಇನ್ನೊಂದು ಕಡೆ ಅಂಡರ್‌ಸೈಜ್ ಎಂದು ಬರೆದುಕೊಂಡು, ಮನೆ ಸೇರುವಷ್ಟರಲ್ಲಿ ಅದಲುಬದಲು ಮಾಡಿಕೊಂಡಿರುತ್ತಾನೆ.

ಲೋಹದ ವಿಷಯದಲ್ಲಿ ಇಷ್ಟು ಬಿಗಿಯಾದ ಮೇಸ್ತ್ರಿಗಳು ಕಾಲದ ವಿಷಯದಲ್ಲಿ ಧಾರಾಳ. ಅವರ "ನಾಳೆ"ಗೂ ಸೈಜುಗಳಿವೆ. ಸ್ಟ್ಯಾಂಡರ್ಡ್ ನಾಳೆ ಎಂದರೆ ನಾಡಿದ್ದು. ಇಪ್ಪತ್ತೈದರ ನಾಳೆ ಎಂದರೆ ವಾರದ ಕೊನೆ. ಐವತ್ತರ ನಾಳೆಗೆ ಆಯುಧಪೂಜೆ ಅಡ್ಡ ಬರುತ್ತದೆ. ಅದೂ ಸವೆದರೆ, ಬೋರಿಗೆ ಹೊಸ ಕೊಳವೆ ಕೂರಿಸಿದಂತೆ, ಸ್ಲೀವ್ ಹೊಡೆಯುವುದೊಂದೇ ದಾರಿ: "ನಮ್ ಕೆಲಸದ ಹುಡುಗ ಊರಿಗೆ ಹೋಗವ್ನೆ ಸಾರ್."

ಮೋಸವೆನ್ನುವಂತಿಲ್ಲ, ಏಕೆಂದರೆ ಅವುಗಳಲ್ಲಿ ಒಂದು ನಾಳೆ ಮಾತ್ರ ಅಪ್ಪಟ ನಿಜ. ಕಾಸ್ಟಿಕ್ ನೀರಿನಲ್ಲಿ ಕುದ್ದು ಬಂದ ಬ್ಲಾಕನ್ನು ಬಿಸಿಯಿರುವಾಗ ಅಳೆಯಬಾರದು. ಬರೀ 30 ಡಿಗ್ರಿ ಹೆಚ್ಚಿದ್ದರೂ 68 ಮಿ.ಮೀ. ಬೋರು ಸುಮಾರು 0.02 ಮಿ.ಮೀ. ಹಿಗ್ಗಿರುತ್ತದೆ, ಬಿಡಬೇಕಾದ ಸಂದಿನ ದೊಡ್ಡ ಪಾಲು ಅಲ್ಲೇ ಹೋಯಿತು. ಅದಕ್ಕೇ ರಾತ್ರಿಯಿಡೀ ಆರಲು ಬಿಡುತ್ತಾರೆ. ಉಳಿದ ನಾಳೆಗಳೆಲ್ಲ ಈ ಒಂದರ ಬೆನ್ನಿಗೆ ಅಡಗಿ ಕೂತಿರುತ್ತವೆ. ಯಾವುದು ಯಾವುದೆಂದು ಅಳೆಯುವ ಗೇಜು ಗಿರಾಕಿಯ ಹತ್ತಿರ ಇಲ್ಲ.

ಕೊನೆಗೊಂದು ದಿನ ಬ್ಲಾಕ್ ಸಿಗುತ್ತದೆ. ರಿಂಗಿಲ್ಲದ ಪಿಸ್ಟನ್ನಿಗೆ ಎಣ್ಣೆ ಸವರಿ ಬಾಯಿಗಿಡುತ್ತಾರೆ. ಅದು ತನ್ನ ಭಾರಕ್ಕೆ ತಾನೇ, ಅವಸರವಿಲ್ಲದೆ ಕೆಳಗಿಳಿಯುತ್ತದೆ. ಹುಡುಗ ಎಲ್ಲ ನಾಳೆಗಳನ್ನೂ ಮರೆತು ವಿಡಿಯೊ ಮಾಡಿಕೊಳ್ಳುತ್ತಾನೆ.

"ಮನೇಲಿ ಸೋಪು, ಬಿಸಿನೀರಲ್ಲಿ ತಿಕ್ಕಿ ತೊಳೀರಿ. ಹೋನಿಂಗ್ ಕಲ್ಲಿನ ಪುಡಿ ಉಳಿದ್ರೆ ರಿಂಗು ತಿಂದ್ಹಾಕುತ್ತೆ. ಬಿಳಿ ಬಟ್ಟೇಲಿ ಒರೆಸಿ, ಬಟ್ಟೆ ಕಪ್ಪಾಗೋದು ನಿಲ್ಲೋವರ್ಗೂ. ಆಮೇಲೆ ಎಣ್ಣೆ ಸವರಿ, ಇಲ್ದಿದ್ರೆ ತುಕ್ಕು."

"ಬಿಳಿ ಬಟ್ಟೆ ಅಂದ್ರೆ?"

"ನಿಮ್ ಹಳೇ ಬನೀನು. ಅಮ್ಮಾವ್ರ ಟವೆಲ್ ಮುಟ್ಬೇಡಿ ಸಾರ್. ನಾನು ಬೋರಿಗಷ್ಟೇ ಗ್ಯಾರಂಟಿ."