ತಂಬಿಗೆಯ ಬಾಯಿ ಮತ್ತು ‘ಎ’ ಗ್ರೇಡು

ಶಾಲೆಯ ವೇಳಾಪಟ್ಟಿಯಲ್ಲಿ ಡ್ರಾಯಿಂಗ್ ಪಿರಿಯಡ್ಡಿಗೆ ಖಾಯಂ ಜಾಗವಿದೆ. ಕೂರುವವರು ಮಾತ್ರ ಬೇರೆಯವರು. ಸಂಕ್ರಮಣ ದಾಟಿತೆಂದರೆ ಗಣಿತದವರು ಪೋರ್ಷನ್ ಮುಗಿಸಲು ಬರುತ್ತಾರೆ, ವಿಜ್ಞಾನದವರು ರಿವಿಜನ್ನಿಗೆ ಬರುತ್ತಾರೆ. ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಓಣಿಯಲ್ಲಿರುವ ಡ್ರಾಯಿಂಗ್ ಮಾಸ್ತರರಿಗೆ ಇದರ ಬಗ್ಗೆ ಸಿಟ್ಟೇನೂ ಇಲ್ಲ. ಅವರ ಸಂಕಟ ಬೇರೆ. ಐದು–ಆರನೇ ಇಯತ್ತೆಯ ಚಿತ್ರಕಲೆಗೆ ಕಲಿಕಾ ಫಲಗಳನ್ನೂ ಮೌಲ್ಯಮಾಪನದ ಮಾನದಂಡಗಳನ್ನೂ ಬರೆದುಕೊಡಿ ಎಂದು ಮೇಲಿನಿಂದ ಅಪ್ಪಣೆಯಾಗಿತ್ತು.

“‘ಮಗುವಿನಲ್ಲಿ ಸೌಂದರ್ಯಪ್ರಜ್ಞೆ ಬೆಳೆಯುತ್ತದೆ’ ಅಂತ ಬರದೇನ್ರಿ. ಓದಾಕ ಭಾಳ ಚಂದ ಐತಿ. ಆದ್ರ ಎಫ್.ಎ. ಪರೀಕ್ಷಾ ಒಂದರಾಗ ಎಷ್ಟು ಬೆಳೀತು, ಎಫ್.ಎ. ಎರಡರಾಗ ಎಷ್ಟು ಬೆಳೀತು ಅಂತ ಯಾವ ಪಟ್ಟಿ ಹಿಡದು ಅಳೀಲಿ?” ಎಂದು ಕಟ್ಟೆಯ ಮೇಲೆ ಕೂತು ಕೇಳಿದರು. ನನ್ನ ಹತ್ತಿರ ಅಂಥ ಪಟ್ಟಿ ಇರಲಿಲ್ಲ. ಚಹಾ ತರಿಸಿದೆ.

ಮಾನದಂಡ ಕೇಳುವವರದೂ ತಪ್ಪಿಲ್ಲ ಬಿಡಿ. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಉಳಿದ ವಿಷಯಗಳ ಪಂಕ್ತಿಯಲ್ಲೇ ಕೂರಿಸಿ, ಅದಕ್ಕೂ ಗುರಿ, ಸಾಮರ್ಥ್ಯ ಎಲ್ಲವನ್ನೂ ಬಡಿಸಿತು. ಮರುವರ್ಷ ಎನ್‌ಸಿಇಆರ್‌ಟಿ ಆರನೇ ತರಗತಿಗೆ ‘ಕೃತಿ’ ಎಂಬ ಕಲಾಪುಸ್ತಕವನ್ನೇ ತಂದಿತು. ನಮ್ಮ ಸಿಸಿಇ, ಅಂದರೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ, ಬಂದಾಗಿನಿಂದ ಚಿತ್ರಕಲೆಗೆ ಗ್ರೇಡು ಕೊಡುವುದು ನಡೆದೇ ಇದೆ. ಯಾರಿಗೂ ನೋವಾಗದಿರಲೆಂದು ಎಲ್ಲರಿಗೂ ‘ಎ’ ಹಾಕುವುದು ಕೂಡ ನಡೆದೇ ಇದೆ.

ಹಾಗೆಂದು ಈ ಸೀಮೆಗೆ ಚಿತ್ರದ ಪರೀಕ್ಷೆ ಹೊಸದಲ್ಲ. ಮುಂಬೈ ಇಲಾಖೆಯ ಕಾಲದಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಡ್ರಾಯಿಂಗ್ ಪರೀಕ್ಷೆಗಳಿದ್ದವು. ಆಮೇಲೆ ಲೋವರ್, ಹೈಯರ್ ಗ್ರೇಡುಗಳಾದವು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಡಿ.ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲೇ ಕಲಾಶಾಲೆ ತೆರೆದರು. ಆ ಪರಂಪರೆಯಲ್ಲಿ ಗೆರೆ ನೆಟ್ಟಗಿದೆಯೋ ಇಲ್ಲವೋ ಎಂಬುದರಲ್ಲಿ ಗೊಂದಲವಿರಲಿಲ್ಲ. ಆದರೆ ಅದು ಚಿತ್ರವನ್ನೇ ಬದುಕಾಗಿಸಿಕೊಳ್ಳಬಯಸುವವರ ದಾರಿ. ಐದನೇ ಇಯತ್ತೆಯ ಮಗು ಮುಂದೆ ಕಿರಾಣಿ ಅಂಗಡಿ ಇಡಬಹುದು, ರೈಲ್ವೆ ವರ್ಕ್‌ಶಾಪಿಗೆ ಸೇರಬಹುದು. ಅದಕ್ಕೆ ಚಿತ್ರ ಯಾಕೆ, ಎಷ್ಟು?

ಸದ್ಯಕ್ಕಂತೂ ಅದು ಬರೆಯುವುದು ಒಂದೇ ಚಿತ್ರ: ಎರಡು ತ್ರಿಕೋನದ ಗುಡ್ಡ, ನಡುವೆ ಸೂರ್ಯ, ಕೆಳಗೆ ನದಿ, ಬದಿಗೊಂದು ತೆಂಗಿನಮರ. ಗೋಪನಕೊಪ್ಪದಲ್ಲಿ ಯಾವ ನದಿ? ಉಣಕಲ್ಲಿನ ಕಡೆ ಹೋದರೆ ನೃಪತುಂಗ ಬೆಟ್ಟವೊಂದಿದೆ, ಅದಕ್ಕೆ ತ್ರಿಕೋನದ ಹಂಗಿಲ್ಲ. ಆದರೂ ಪ್ರತಿಭಾ ಕಾರಂಜಿಯ ಹಾಳೆಗಳಲ್ಲಿ ಸೂರ್ಯ ಅದೇ ಸಂದಿಯಿಂದ ಹುಟ್ಟುತ್ತಾನೆ. ಎಷ್ಟೋ ಸಲ ಆ ಸೂರ್ಯನನ್ನು ಮಗುವಿನ ಅವ್ವನೇ ತಿದ್ದಿ ಕೊಟ್ಟಿರುತ್ತಾಳೆ.

ಮಕ್ಕಳ ಚಿತ್ರಕ್ಕೆ ಕರಾರುವಾಕ್ಕಾಗಿ ಅಂಕ ಹಾಕಿದವರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ಲಾರೆನ್ಸ್ ಗುಡ್‌ಇನಫ್ 1926ರಲ್ಲಿ ‘ಮನುಷ್ಯನ ಚಿತ್ರ ಬರಿ’ ಎಂಬ ಪರೀಕ್ಷೆ ಕಟ್ಟಿದರು. ಒಟ್ಟು 51 ಅಂಕ. ತಲೆಯಿದ್ದರೆ ಒಂದು, ಕುತ್ತಿಗೆಯಿದ್ದರೆ ಒಂದು, ಬೆರಳು ಎಣಿಸಿ ಸರಿ ಬಂದರೆ ಒಂದು. ಅಳೆಯಬೇಕಾಗಿದ್ದುದು ಬುದ್ಧಿ, ಚಿತ್ರದ ಚಂದವಲ್ಲ. ನಮ್ಮ ಮಾಸ್ತರರು ಕುತೂಹಲಕ್ಕೆ ಕ್ಲಾಸಿನಲ್ಲಿ ಮನುಷ್ಯನನ್ನು ಬರೆಯಲು ಹೇಳಿದರು. ಒಬ್ಬ ಹುಡುಗ ಕಂಬಳಿ ಹೊದ್ದು ಕೂತ ತನ್ನ ಅಜ್ಜನನ್ನು ಬರೆದ. ಕೈಯಿಲ್ಲ, ಬೆರಳಿಲ್ಲ, ಕುತ್ತಿಗೆಯೂ ಇಲ್ಲ. ಲೆಕ್ಕದ ಪ್ರಕಾರ ಹುಡುಗ ಫೇಲು. ಅಜ್ಜನನ್ನು ಬಲ್ಲ ನನಗೆ ಮಾತ್ರ, ಕೆಮ್ಮು ಕೇಳಿಸುವುದೊಂದು ಬಾಕಿ ಇತ್ತು.

ಕೊನೆಗೆ ದಾರಿ ತೋರಿಸಿದ್ದು ಒಂದು ಹಿತ್ತಾಳೆ ತಂಬಿಗೆ. ಅದನ್ನು ನೋಡಿ ಒಂದೇ ಮಗು ಬೇರೆ ಬೇರೆ ತಿಂಗಳಲ್ಲಿ ಬರೆದ ಹಾಳೆಗಳನ್ನು ಮಾಸ್ತರರು ನನಗೆ ಒಂದರ ಪಕ್ಕ ಒಂದಿಟ್ಟು ತೋರಿಸಿದರು. ಜೂನ್ ತಿಂಗಳ ತಂಬಿಗೆಗೆ ಬಾಯಿ ಪೂರ್ತಿ ದುಂಡಗಿದೆ, ತಳ ಮಾತ್ರ ಪಟ್ಟಿ ಹಿಡಿದು ಎಳೆದ ಗೆರೆ. ಬಾಯಿ ದುಂಡಗೆಂದು ಮಗುವಿಗೆ ಗೊತ್ತು, ತಳ ನೆಲಕ್ಕೆ ಹತ್ತಿ ಕೂರುತ್ತದೆಂದೂ ಗೊತ್ತು. ಗೊತ್ತಿದ್ದುದನ್ನು ಬರೆದಿದೆ, ಕಂಡದ್ದನ್ನಲ್ಲ. ಆಗಸ್ಟಿನಲ್ಲಿ ಬಾಯಿ ಚಪ್ಪಟೆಯಾಗಿದೆ, ಆದರೆ ಎರಡೂ ತುದಿ ಚೂಪು. ದೀಪಾವಳಿಯ ಹೊತ್ತಿಗೆ ತುದಿಗಳು ಹೊರಳಿ ದುಂಡಾಗಿವೆ, ತಳವೂ ತುಸು ಬಾಗಿದೆ.

“ನೋಡ್ರಿ, ಇದು ಬೆಳದದ್ದು” ಎಂದರು. ಸೌಂದರ್ಯಪ್ರಜ್ಞೆಯ ಸಾಲನ್ನು ಹೊಡೆದುಹಾಕಿ ಹೀಗೆ ಬರೆದರು: ‘ತಂಬಿಗೆಯನ್ನು ನೆಲದ ಮೇಲಿಟ್ಟಾಗ ಮತ್ತು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಾಗ ಬಾಯಿಯ ಆಕಾರ ಬದಲಾಗುವುದನ್ನು ಮಗು ಗುರುತಿಸಿ ಬರೆಯುತ್ತದೆ.’ ಓದಲು ಅಷ್ಟು ಚಂದವಿಲ್ಲ, ಆದರೆ ಆಗಿದೆಯೋ ಇಲ್ಲವೋ ಯಾರು ಬೇಕಾದರೂ ಹೇಳಬಹುದು. ಪಕ್ಕದ ಮನೆಯವನ ಚಿತ್ರಕ್ಕೆ ಹೋಲಿಸುವ ಗೋಜೂ ಇಲ್ಲ. ಮಗುವಿನ ಜೂನ್ ತಿಂಗಳ ತಂಬಿಗೆಯೇ ಅದರ ಪ್ರತಿಸ್ಪರ್ಧಿ. ಇದಕ್ಕೆಂದೇ ಹಾಳೆಗಳನ್ನು ಕೂಡಿಡುವ ಕೃತಿಸಂಪುಟ ಶಾಲೆಯಲ್ಲಿದೆ, ಅದು ಇನ್‌ಸ್ಪೆಕ್ಷನ್ ದಿನ ಮಾತ್ರ ಕಪಾಟಿನಿಂದ ಹೊರಬರುತ್ತಿತ್ತು, ಅಷ್ಟೇ.

ನಾನೂ ಒಂದು ಸಲಹೆ ಕೊಟ್ಟೆ. ನಮ್ಮ ಕಡೆ ಕಸೂತಿ ಬಲ್ಲ ಹೆಣ್ಣುಮಕ್ಕಳು ಇನ್ನೊಬ್ಬರ ಕೆಲಸ ನೋಡುವ ಕ್ರಮವೊಂದಿದೆ. ತೇರು, ಗೋಪುರ ಎಷ್ಟೇ ಚಂದ ಮೂಡಿರಲಿ, ಮೊದಲು ಸೆರಗನ್ನು ತಿರುವಿ ಹಿಂಬದಿ ನೋಡುತ್ತಾರೆ. ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ಥರ ಕಾಣಬೇಕು, ಎಲ್ಲೂ ಗಂಟು ಬೀಳಬಾರದು. ಅಲ್ಲಿಗೆ ಮೌಲ್ಯಮಾಪನ ಮುಗಿಯಿತು. “ನೀವೂ ಹಾಳೆ ಬೆಳಕಿಗೆ ಹಿಡದು ನೋಡ್ರಿ ಸರ, ಎಲ್ಲೆಲ್ಲಿ ತಿದ್ದ್ಯಾರ ತಿಳೀತದ” ಎಂದೆ. ಮಾಸ್ತರರಿಗೆ ಹಿಡಿಸಿತು. ‘ಮತ್ತೆ ನೋಡಿ, ಅಳಿಸಿ ತಿದ್ದಿದೆಯೇ?’ ಎಂಬ ಹೊಸ ಮಾನದಂಡ ಸೇರಿತು. ಮಾನದಂಡಗಳನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕೆಂದು ತರಬೇತಿಯಲ್ಲಿ ಹೇಳಿದ್ದರಂತೆ, ಹಾಗಾಗಿ ಕ್ಲಾಸಿನಲ್ಲಿ ಓದಿ ಹೇಳಿಯೂ ಬಿಟ್ಟರು.

ಮರುವಾರ ಬಂದ ಹಾಳೆಗಳಲ್ಲಿ ತಂಬಿಗೆಗಿಂತ ರಬ್ಬರ್ ಉಜ್ಜಿದ ಕಲೆಯೇ ಹೆಚ್ಚಿತ್ತು. ಕೆಲವು ಹಾಳೆ ತೂತು ಬಿದ್ದಿದ್ದವು. ಒಬ್ಬ ಜಾಣ ತಂಬಿಗೆಯನ್ನು ಒಂದೇ ಏಟಿಗೆ ನೀಟಾಗಿ ಬರೆದು, ಸುತ್ತಲಿನ ಖಾಲಿ ಜಾಗವನ್ನೆಲ್ಲ ಉಜ್ಜಿ ತಂದಿದ್ದ. ಓಣಿಯ ಅಂಗಡಿಯವರು ನನ್ನನ್ನು ತಡೆದು ಕೇಳಿದರು: “ಏನ್ರಿ, ಸಾಲ್ಯಾಗ ರಬ್ಬರಿನ ಪರೀಕ್ಷಾ ಇಟ್ಟಾರೇನು? ಡಬ್ಬಿಗಟ್ಟಲೆ ಒಯ್ಯಾಕತ್ತಾರ!”