ಎಡಗಾಲಿನ ಪಾಠ

ಕಾರು ಓಡಿಸಲು ಬಾರದವರೂ ಧಾರಾಳವಾಗಿ ಕೊಡಬಲ್ಲದ್ದೆಂದರೆ ಕಾರು ಓಡಿಸುವ ಸಲಹೆ. ಸೇಡಂ, ಚಿತ್ತಾಪುರದ ಕಡೆ ಈ ಔದಾರ್ಯ ಒಂದು ಗುಂಜಿ ಹೆಚ್ಚೇ. ಎಲ್ ಬೋರ್ಡ್ ಹಚ್ಚಿಕೊಂಡ ಕಾರು ನಡುಬೀದಿಯಲ್ಲಿ ಎರಡು ಸಲ ಜಿಗಿದು ಬಂದ್ ಬಿತ್ತೆಂದರೆ ಸಾಕು, ಹೋಟೆಲ್ ಕಟ್ಟೆಯ ಮೇಲೆ ಕೂತವರು ಚಹಾದ ಬಸಿ ಕೆಳಗಿಟ್ಟು ಎದ್ದು ಬರುತ್ತಾರೆ. 'ಕ್ಲಚ್ ಸಾವಕಾಶ ಬಿಡ್ರಿ, ರೇಸ್ ಜರಾ ಕೊಡ್ರಿ.' ಹೀಗೆ ಹೇಳಿದವರ ಮನೆಯಲ್ಲಿರುವುದು ಸೈಕಲ್ಲು. ಆದರೂ ಮಾತು ನೂರಕ್ಕೆ ನೂರು ಸರಿ.

ಗೇರಿನ ಕಾರಿನ ವಿದ್ಯೆಯೆಲ್ಲ ಎಡಗಾಲಿನಲ್ಲಿದೆ. ಬಲಗಾಲಿನದು ಸರಳ ಸಂಸಾರ. ಒಂದನ್ನು ತುಳಿದರೆ ಹೋಗುತ್ತದೆ, ಇನ್ನೊಂದನ್ನು ತುಳಿದರೆ ನಿಲ್ಲುತ್ತದೆ. ಎಡಗಾಲು ಮಾತ್ರ ತುಳಿದದ್ದನ್ನು ಬಿಡುವ ಕಲೆ ಕಲಿಯಬೇಕು. ಪೆಡಲ್ ಮೇಲೇಳುತ್ತಾ ಒಂದು ಜಾಗಕ್ಕೆ ಬಂದಾಗ ಇಂಜಿನ್ನಿನ ದನಿ ತುಸು ಕುಗ್ಗುತ್ತದೆ, ಬಾನೆಟ್ ಕೂದಲೆಳೆಯಷ್ಟು ಎದ್ದಂತಾಗುತ್ತದೆ. ಒಳಗೆ ಕ್ಲಚ್ ಪ್ಲೇಟು ತಿರುಗುವ ಫ್ಲೈವೀಲಿಗೆ ಆಗ ತಾನೇ ಕಚ್ಚಿಕೊಳ್ಳುತ್ತಿರುತ್ತದೆ. ಕಾಲು ಅಲ್ಲಿ ಅರೆಗಳಿಗೆ ತಡೆಯಬೇಕು. 'ಮಲಗಿದ ಕೂಸಿನ ತಲಿ ಕೆಳಗಿಂದ ಕೈ ತಗದಂಗ ತಗೀರಿ' ಎಂದು ಸೇಡಂ ಕಡೆಯ ಉಸ್ತಾದರೊಬ್ಬರು ಹೇಳುತ್ತಿದ್ದರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಉಸ್ತಾದರ ಕಾಲಡಿಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಮೊದಲ ವಾರ ಶಿಷ್ಯ ಎದೆಯುಬ್ಬಿಸಿ ಮನೆಗೆ ಹೋಗುತ್ತಾನೆ. ಕಾರು ಓಡಿಸಿದ್ದು ಉಸ್ತಾದರ ಕಾಲು.

ಗೇರು ಎಲ್ಲೆಲ್ಲಿ ಬೀಳುತ್ತದೆಂದು ತಿಳಿಯಲು ಶಾಲೆಗೇ ಹೋಗಬೇಕೆಂದಿಲ್ಲ. ಕಲಬುರಗಿಯಿಂದ ಚಿಂಚೋಳಿ ಕಡೆಗೆ ಹೊರಡುವ ಕ್ರೂಸರಿನಲ್ಲಿ ಮುಂದಿನ ಸೀಟು ಹಿಡಿದರಾಯಿತು. ಅಲ್ಲಿ ಇಬ್ಬರ ಜಾಗದಲ್ಲಿ ಮೂವರು, ಒಮ್ಮೊಮ್ಮೆ ನಾಲ್ವರು. ನಡುವೆ ಕೂತ ಯಜಮಾನರ ಎರಡೂ ಮೊಣಕಾಲಿನ ಮಧ್ಯೆ ಗೇರಿನ ರಾಡು. ಒಂದು, ಮೂರು, ಐದು ಮುಂದಕ್ಕೆ ಹೋಗುತ್ತವೆ, ಯಾರಿಗೂ ತಕರಾರಿಲ್ಲ. ಎರಡು ಮತ್ತು ನಾಲ್ಕು ಹಿಂದಕ್ಕೆ ಬರುತ್ತವೆ, ಅಂದರೆ ನೇರ ಯಜಮಾನರ ತೊಡೆಗೆ. 'ಕಾಕಾ, ಜರಾ ಕಾಲು ಸರಸ್ರಿ, ನಾಕನೇದ್ದು ಹಾಕ್ಬೇಕು' ಎಂದು ಡ್ರೈವರ್ ಕೇಳುವುದೂ, ಕಾಕಾ ಮಾತು ನಿಲ್ಲಿಸದೆ ಕಾಲು ಸರಿಸುವುದೂ ದಾರಿಯುದ್ದಕ್ಕೂ ನಡೆಯುತ್ತದೆ. ಊರು ಮುಟ್ಟುವ ಹೊತ್ತಿಗೆ ಕಾಕಾ ಇಂಜಿನ್ನಿನ ದನಿ ಕೇಳಿಯೇ ಕಾಲೆತ್ತುತ್ತಾರೆ. ಗೇರನ್ನು ನೋಡಿ ಹಾಕಬಾರದು, ಕೇಳಿ ಹಾಕಬೇಕು ಎನ್ನುವ ಪಾಠ ಅವರಿಗೆ ಟಿಕೇಟಿನ ದುಡ್ಡಿನಲ್ಲೇ ಸಿಕ್ಕಿರುತ್ತದೆ. ಇಂಜಿನ್ ಗೊರಗೊರ ಎಂದರೆ ಒಂದು ಗೇರು ಇಳಿಸಿ, ಕಿರುಚಿದರೆ ಒಂದು ಏರಿಸಿ. ಹಳೆಯ ಲಾರಿಗಳಲ್ಲಿ ಗೇರು ಕೂಡಬೇಕಾದರೆ ಕ್ಲಚ್ಚನ್ನು ಎರಡು ಸಲ ತುಳಿಯಬೇಕಿತ್ತು. ಆ ಕಾಲದ ಡ್ರೈವರುಗಳು ಇವತ್ತಿನ ಹೊಸ ಕಾರಿನಲ್ಲೂ ಹಾಗೇ ತುಳಿಯುತ್ತಾರೆ. ಲಾಭವಿಲ್ಲ, ನೋಡಲು ಮಾತ್ರ ಚೆಂದ.

ಕ್ಲಚ್ಚಿನ ನಿಜವಾದ ಪರೀಕ್ಷೆ ರೈಲ್ವೆ ಗೇಟಿನಲ್ಲಿ. 1874ರಲ್ಲಿ ನಿಜಾಮರ ರೈಲುದಾರಿ ಸಿಕಂದರಾಬಾದಿನಿಂದ ಸೇಡಂ, ಚಿತ್ತಾಪುರ ಹಾದು ವಾಡಿಗೆ ಬಂದು ಮುಂಬೈ ಕಡೆಯ ದಾರಿಗೆ ಕೂಡಿತು. ಅಂದಿನಿಂದ ಈ ಸೀಮೆಯವರಿಗೆ ಕಾಯುವುದು ಅಭ್ಯಾಸ. ಕಲ್ಲಿದ್ದಲು ತರುವ ಗೂಡ್ಸು, ಸಿಮೆಂಟ್ ಒಯ್ಯುವ ಗೂಡ್ಸು, ಒಂದು ಹೋದ ಮೇಲೂ ಗೇಟ್ ಏಳದಿದ್ದರೆ ಇನ್ನೊಂದು ಬರುವುದಿದೆ ಎಂದೇ ಅರ್ಥ. ಗೇಟ್ ಬಿದ್ದಲ್ಲಿ ಜನ ಮಾಡುವುದೇನು? ಒಂದನೇ ಗೇರಿನಲ್ಲಿಟ್ಟು, ಕ್ಲಚ್ ಒತ್ತಿ ಹಿಡಿದು, ಈಗ ಎದ್ದೀತು ಆಗ ಎದ್ದೀತು ಎಂದು ಕೂತಿರುತ್ತಾರೆ. ಆಗ ಸವೆಯುವುದು ಕ್ಲಚ್ಚಿನ ರಿಲೀಸ್ ಬೇರಿಂಗು. ಇನ್ನು ಕೆಲವರು ಅರ್ಧ ಕ್ಲಚ್ಚಿನಲ್ಲಿ ಗೇಣು ಮುಂದೆ, ಗೇಣು ಹಿಂದೆ ಕಾರನ್ನು ತೂಗುತ್ತಾರೆ. ಪ್ಲೇಟು ಜಾರಿ ಜಾರಿ ಕಾಯುತ್ತದೆ. ಮೇ ತಿಂಗಳ ಬಿಸಿಲಲ್ಲಿ ಸುಟ್ಟ ವಾಸನೆ ಬಂದಾಗ ಹಿಂದಿನ ಲಾರಿಯವನನ್ನು ಬೈಯುತ್ತಾರೆ, ವಾಸನೆ ತಮ್ಮದೇ ಕಾರಿನದಾಗಿರುತ್ತದೆ. ನ್ಯೂಟ್ರಲ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಬಂದ್ ಮಾಡಿ ಇಳಿದು ಎರಡು ಮಿರ್ಚಿ ಭಜಿ ತಿಂದವನೇ ಜಾಣ. ಕ್ಲಚ್ ಪ್ಲೇಟ್ ಬದಲಿಸುವ ಖರ್ಚಿನಲ್ಲಿ ಎಷ್ಟು ಭಜಿ ಬರುತ್ತವೆಂದು ಲೆಕ್ಕ ಹಾಕಿ ನೋಡಿ.

ನಮ್ಮ ಸೀಮೆ ಬಹುಪಾಲು ಸಪಾಟು ನೆಲ. ಏರು ಎಂದರೆ ರೈಲ್ವೆ ಮೇಲ್ಸೇತುವೆಯೇ. ಅದರ ನಡುಏರಿನಲ್ಲಿ ಮುಂದೊಂದು ಸಿಮೆಂಟ್ ಬಲ್ಕರ್, ಹಿಂದೊಂದು ಫರ್ಸಿ ತುಂಬಿದ ಟ್ರ್ಯಾಕ್ಟರ್ ನಿಂತಾಗ ನಡುವೆ ಸಿಕ್ಕ ಕಾರಿನವನಿಗೆ ಶರಣಬಸಪ್ಪನೇ ಗತಿ. ಉಪಾಯ ಇಷ್ಟೇ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಒಂದನೇ ಗೇರು ಹಾಕಿ ಕ್ಲಚ್ಚನ್ನು ಆ ಕಚ್ಚುವ ಜಾಗದವರೆಗೆ ಬಿಡಿ, ಕಾರು ಮುಂದೆ ತುಡಿದ ಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ. ಲಾರಿಯವರದು ಇದಕ್ಕೂ ಸರಳ; ಕ್ಲೀನರ್ ಜಿಗಿದು ಗಾಲಿಗೆ ಕಲ್ಲು ಹಚ್ಚುತ್ತಾನೆ. ಶಹಾಬಾದಿನಲ್ಲಿ ಕಲ್ಲಿಗೇನು ಬರವೇ? ಅಲ್ಲಿ ಮನೆಯ ಗೋಡೆ, ನೆಲ, ಛತ್ತು, ಹೊಲದ ಬೇಲಿ ಎಲ್ಲವೂ ಕಲ್ಲೇ. ಹೊರಡುವಾಗ ಮಾತ್ರ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ, ಮುಂದೆ ಬರುವವರ ಅನುಕೂಲಕ್ಕೋ ಏನೋ.

ತೊಗರಿಯ ರಾಶಿ ಬಂತೆಂದರೆ ರಸ್ತೆಯೇ ಕಣ. 2019ರಲ್ಲಿ ಕಲಬುರಗಿಯ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿತು. ಆ ಬೇಳೆಯಲ್ಲಿ ಹಾದುಹೋಗುವ ಗಾಡಿಗಳ ಗಾಲಿಯ ಪಾಲೂ ಸ್ವಲ್ಪ ಇದ್ದೀತು. ಪೆಟ್ರೋಲ್ ನಮ್ಮದು, ರಾಶಿ ರೈತರದು, ಇರಲಿ. ತೊಗರಿ ಕಟ್ಟಿಗೆ ಹಾಸಿದಲ್ಲಿ ಗಾಲಿ ಜಾರುತ್ತದೆ. ಮೊದಲೇ ವೇಗ ಇಳಿಸಿಕೊಂಡು, ಬ್ರೇಕಿನ ಮೇಲೆ ಕಾಲಿಡದೆ ಒಂದೇ ಗೇರಿನಲ್ಲಿ ದಾಟಬೇಕು. ಅದರ ಮೇಲೆ ಗಾಡಿ ನಿಲ್ಲಿಸಲೇಬಾರದು. ಕಾದ ಸೈಲೆನ್ಸರಿಗೆ ಒಣಗಿದ ಹೊಟ್ಟು ತಗುಲಿದರೆ ಬೆಂಕಿ.

ಮಳೆಗಾಲದಲ್ಲಿ ಮಳಖೇಡದ ಕಾಗಿಣಾ ಬೇರೆ ಪಾಠ ಹೇಳುತ್ತದೆ. ರಾಷ್ಟ್ರಕೂಟರ ರಾಜಧಾನಿಯ ಕೋಟೆಯನ್ನು ಕಂಡ ಹೊಳೆ ಅದು, ನಮ್ಮ ಹಾರ್ನಿಗೆ ಹೆದರುವುದಿಲ್ಲ. ರಸ್ತೆಯ ಮೇಲೆ ಪಾದ ತೊಯ್ಯುವಷ್ಟು ನಿಂತ ನೀರಾದರೆ ಒಂದನೇ ಗೇರಿನಲ್ಲಿ ರೇಸ್ ಕಡಿಮೆ ಮಾಡದೆ, ನಡುವೆ ಗೇರು ಬದಲಿಸದೆ ದಾಟಬಹುದು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಹಾಕಬೇಕಾದದ್ದು ರಿವರ್ಸ್ ಗೇರು ಒಂದೇ.

ಚಿಂಚೋಳಿಯಿಂದ ಕುಂಚಾವರಂ ಕಾಡಿಗೆ ಹೋಗುವಾಗ ಅಷ್ಟಿಷ್ಟು ಇಳಿಜಾರು ಸಿಗುತ್ತದೆ. ಅಲ್ಲಿ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುವ ಮಹನೀಯರಿದ್ದಾರೆ. ಉಳಿಯುವುದೇನೂ ಇಲ್ಲ. ಈಗಿನ ಇಂಜೆಕ್ಷನ್ ಕಾರುಗಳು ಗೇರಿನಲ್ಲಿ ಇಳಿಯುವಾಗ, ರೇಸಿನ ಮೇಲಿಂದ ಕಾಲು ತೆಗೆದರೆ, ಇಂಜಿನ್ನಿಗೆ ಪೆಟ್ರೋಲನ್ನೇ ಬಿಡುವುದಿಲ್ಲ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಆರದಿರಲು ಕುಡಿಸುತ್ತಲೇ ಇರಬೇಕು. ಮೇಲಾಗಿ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಳಿದರೆ ಇಂಜಿನ್ನೇ ಹಿಡಿದು ನಿಧಾನ ಮಾಡುತ್ತದೆ.

ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಮಕ್ಕಳು, ಅಳಿಯಂದಿರು ಈಗ ಆಟೋಮ್ಯಾಟಿಕ್ ತರುತ್ತಾರೆ. ಎಡಗಾಲನ್ನು ಮಡಚಿ ಕೂತು ಓಡಿಸುವ ಆ ಸುಖವನ್ನು ನಾನು ಹೀಗಳೆಯಲಾರೆ; ಮೊಣಕಾಲು ನೋಯುವ ವಯಸ್ಸಿನವರಿಗೆ ಅದು ವರವೇ. ಆದರೆ ಹೊಸದಾಗಿ ಕಲಿಯುವ ಹುಡುಗ ಹುಡುಗಿಯರಿಗೆ ನನ್ನದೊಂದು ವಿನಂತಿ. ಗೇರಿನ ಕಾರಿನಲ್ಲೇ ಕಲಿಯಿರಿ. ಗೇರು ಬಲ್ಲವರಿಗೆ ಆಟೋಮ್ಯಾಟಿಕ್ ಒಂದು ಸಂಜೆಯ ಕೆಲಸ, ತಿರುಗಾಮುರುಗಾ ಅಷ್ಟು ಸುಲಭವಲ್ಲ. ರಾತ್ರಿ ಎರಡು ಗಂಟೆಗೆ ತಾಂಡಾದಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ ಕೈಗೆ ಸಿಗುವ ಬೊಲೆರೊ, ಕ್ರೂಸರ್ ಎಲ್ಲವೂ ಗೇರಿನವೇ.