ಜೋಗೆ ಗಂಡು ಗೊತ್ತುಮಾಡಿದ್ದು

ಮೆಚ್ಚಿದ ಕಾದಂಬರಿಯ ಎರಡನೇ ಭಾಗ ಕೈಗೆ ಬಂತೆಂದರೆ ಓದುಗರು ಬರೀ ಓದುಗರಾಗಿ ಉಳಿಯುವುದಿಲ್ಲ, ಹೆಣ್ಣಿನ ಕಡೆಯ ನೆಂಟರಾಗಿಬಿಡುತ್ತಾರೆ. ಗಂಡು ಯಾರು, ಸಂಪಾದನೆ ಎಷ್ಟು, ನಡತೆ ಹೇಗೆ? ಕತೆಗಾರರು ಕಷ್ಟಪಟ್ಟು ಬರೆದ ಬೆಟ್ಟ, ಮೋಡ, ತತ್ತ್ವಗಳನ್ನೆಲ್ಲ ದಾಟಿ ಬೆರಳು ಲಗ್ನದ ಪುಟವನ್ನೇ ಹುಡುಕುತ್ತದೆ.

ಈ ನೆಂಟರ ಕಾಟವನ್ನು ಲೂಯಿಸಾ ಮೇ ಆಲ್ಕಾಟ್ ಅವರಷ್ಟು ಅನುಭವಿಸಿದವರು ಕಡಿಮೆ. ಅವರ ‘ಲಿಟಲ್ ವಿಮೆನ್’ 1868ರ ಸೆಪ್ಟೆಂಬರ್ ಕೊನೆಯಲ್ಲಿ ಬಾಸ್ಟನ್ನಿನಲ್ಲಿ ಪ್ರಕಟವಾಯಿತು. ನಾಲ್ವರು ಅಕ್ಕತಂಗಿಯರು, ಯುದ್ಧಕ್ಕೆ ಹೋದ ಅಪ್ಪ, ಕೈಬಿಗಿಯ ಸಂಸಾರ, ಪಕ್ಕದ ಮನೆಯ ಸಿರಿವಂತ ಹುಡುಗ ಲಾರಿ. ಎರಡನೆಯವಳು ಜೋ ಬೆಂಕಿಗೆ ಬೆನ್ನು ಕೊಟ್ಟು ನಿಂತು ಉಡುಪು ಸುಟ್ಟುಕೊಳ್ಳುತ್ತಾಳೆ. ಕಿರಿಯಳು ಏಮಿ ಶಾಲೆಗೆ ಉಪ್ಪಲ್ಲಿ ಹಾಕಿದ ನಿಂಬೆಕಾಯಿ ಒಯ್ದು ಮೇಷ್ಟರ ಕೈಲಿ ಏಟು ತಿನ್ನುತ್ತಾಳೆ. (ಆ ಚಪಲವನ್ನು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.) ಹಿರಿಯಳು ಮೆಗ್‌ಗೆ ಮದುವೆ ನಿಶ್ಚಯವಾಗುವಲ್ಲಿಗೆ ಕತೆ ನಿಲ್ಲಿಸಿ, ಮುಂದಿನದು ಓದುಗರು ಇದನ್ನು ಹೇಗೆ ಬರಮಾಡಿಕೊಳ್ಳುತ್ತಾರೆ ಎಂಬುದರ ಮೇಲಿದೆ ಎಂದುಬಿಟ್ಟರು ಲೇಖಕಿ.

ಅನ್ನಬಾರದಿತ್ತು.

ಹುಡುಗಿಯರ ಕಾಗದಗಳು ಬರತೊಡಗಿದವು. ಜೋಗೆ ಲಾರಿ ತಾನೆ? ಆಲ್ಕಾಟ್ ಮದುವೆಯಾಗದೆ, ಬರೆದು ದುಡಿದು ಮನೆ ನಡೆಸಿದವರು. ತಮ್ಮದೇ ಪಡಿಯಚ್ಚಾದ ಜೋ ಕೂಡ ಬರೆದುಕೊಂಡು ಒಂಟಿಯಾಗಿರಲಿ ಎಂಬುದು ಅವರ ಆಸೆ. ನವೆಂಬರ್ 1ಕ್ಕೆ ಎರಡನೇ ಭಾಗ ಶುರುಮಾಡಿದಾಗ, ಯಾರನ್ನು ಮೆಚ್ಚಿಸಲಿಕ್ಕೂ ಈ ಹುಡುಗಿಯನ್ನು ಲಾರಿಗೆ ಕೊಡುವುದಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡರು. ಆದರೆ ಮದುವೆಯೇ ಮಾಡದೆ ಬಿಡುವ ಧೈರ್ಯ ಸಾಲಲಿಲ್ಲ. ಬರೀ ಹಟಕ್ಕೆ ಒಂದು ತಮಾಷೆಯ ಜೋಡಿ ಕೂಡಿಸಿದೆನೆಂದು ಆಮೇಲೆ ಗೆಳತಿಗೆ ಕಾಗದ ಬರೆದರು.

ಆ ಗಂಡೇ ಪ್ರೊಫೆಸರ್ ಬೇರ್. 1869ರ ಏಪ್ರಿಲ್‌ನಲ್ಲಿ ಪುಸ್ತಕ ಬಿಚ್ಚಿದ ನೆಂಟರ ಮುಖ ಹೇಗಾಗಿರಬೇಕು! ಪ್ರಾಯ ನಲವತ್ತರ ಹತ್ತಿರ. ಜರ್ಮನಿಯವನು. ನ್ಯೂಯಾರ್ಕಿನ ಬೋರ್ಡಿಂಗ್ ಮನೆಯಲ್ಲಿ ವಾಸ, ಪಾಠ ಹೇಳಿ ಜೀವನ, ಸಾಲದ್ದಕ್ಕೆ ಇಬ್ಬರು ಸೋದರಳಿಯಂದಿರ ಹೊಣೆ. ಕೋಟಿನ ಎರಡು ಗುಂಡಿ ಕಿತ್ತುಹೋಗಿವೆ, ಬೂಟಿಗೆ ತೇಪೆ, ಕಾಲುಚೀಲ ತಾನೇ ಹೊಲಿದುಕೊಳ್ಳುತ್ತಾನೆ. ಚೆಂದವೆನ್ನಲು ಇರುವುದು ಹಲ್ಲು ಮಾತ್ರ. ಮಳೆಯಲ್ಲಿ ಒಂದೇ ಕೊಡೆಯಡಿ ಜೋಗೆ ಮನಸ್ಸು ಬಿಚ್ಚುವಾಗಲೂ ಅವನ ಅದೃಷ್ಟ ನೋಡಿ: ಮೊಣಕಾಲೂರೋಣವೆಂದರೆ ನೆಲವೆಲ್ಲ ಕೆಸರು, ಕೈ ಹಿಡಿಯೋಣವೆಂದರೆ ಎರಡೂ ಕೈ ತುಂಬ ಪೊಟ್ಟಣ.

ಅತ್ತ ಲಾರಿ ಸ್ವಿಟ್ಜರ್ಲೆಂಡಿನಲ್ಲಿ ಏಮಿಯ ಜೊತೆ ಒಂದೇ ದೋಣಿಗೆ ಹುಟ್ಟು ಹಾಕುತ್ತ ಮದುವೆ ಗೊತ್ತುಮಾಡಿಕೊಂಡ. ಮೂರನೆಯವಳು ಬೆತ್ ಸಾಯುವುದೂ ಈ ಭಾಗದಲ್ಲೇ. ಅದಕ್ಕೆ ಓದುಗರು ಅತ್ತು ಸುಮ್ಮನಾದರು. ಏಮಿಯ ವಿಷಯದಲ್ಲಿ ಇಂದಿಗೂ ಸುಮ್ಮನಾಗಿಲ್ಲ.

ಈ ಸಿಟ್ಟಿನಲ್ಲಿ ಪುಟ ಹಾರಿಸಿದವರಿಗೆ ನಷ್ಟವೇ. ಹೊಸ ಗೃಹಿಣಿ ಮೆಗ್ ಕಾಯಿಸಿದ ಜೆಲ್ಲಿ ಎಷ್ಟು ಹೊತ್ತಾದರೂ ಗಟ್ಟಿಯಾಗದೆ ಅವಳು ಅಳುತ್ತ ಕೂತಿರುವಾಗ, ಗಂಡ ಮುನ್ಸೂಚನೆಯಿಲ್ಲದೆ ಸ್ನೇಹಿತನನ್ನು ಊಟಕ್ಕೆ ಕರೆತರುವ ಅಧ್ಯಾಯವೊಂದಿದೆ. ಕೊಡೆ, ದೋಣಿ ಎರಡಕ್ಕಿಂತಲೂ ಅದೇ ನಿಜವಾದ ದಾಂಪತ್ಯದ ಕತೆ.

1880ರಲ್ಲಿ ಎರಡೂ ಭಾಗ ಕೂಡಿ ಪರಿಷ್ಕೃತ ಆವೃತ್ತಿ ಬಂದಾಗ ಲಾರಿಯ ಉದ್ದ ಮೂಗು ಚೆಂದದ ಮೂಗಾಗಿತ್ತು. ಜೋಯಷ್ಟೇ ಎತ್ತರವಿದ್ದವನು ಅವಳಿಗಿಂತ ಎತ್ತರವಾಗಿದ್ದ. ತಪ್ಪಿಹೋದ ಸಂಬಂಧವನ್ನು ನೆನೆದು ಹೊಟ್ಟೆ ಉರಿದುಕೊಳ್ಳಲು ಇನ್ನೇನು ಬೇಕು? ಬೇರ್‌ಗೆ ನ್ಯಾಯ ಸಿಗಲು ಸಿನಿಮಾದವರೇ ಬೇಕಾಯಿತು. ಗ್ರೆಟಾ ಗೆರ್ವಿಗ್ 2019ರ ಚಿತ್ರದಲ್ಲಿ ಆ ಪಾತ್ರಕ್ಕೆ ಫ್ರಾನ್ಸಿನ ಸುಂದರಾಂಗ ಲೂಯಿ ಗರೆಲ್‌ನನ್ನು ಹಾಕಿಕೊಂಡರು. ಗುಂಡಿಯ ಮಾತು ಯಾರೂ ಎತ್ತಲಿಲ್ಲ.

ಆಲ್ಕಾಟ್‌ಗೆ ಮಾತ್ರ ಬಿಡುಗಡೆ ಸಿಗಲಿಲ್ಲ. 1871ರಲ್ಲಿ ‘ಲಿಟಲ್ ಮೆನ್’, 1886ರಲ್ಲಿ ‘ಜೋಸ್ ಬಾಯ್ಸ್’. ಆ ಕೊನೆಯ ಪುಸ್ತಕದ ಕೊನೆಯಲ್ಲಿ, ಒಂದು ಭೂಕಂಪ ತಂದು ಜೋ ನಡೆಸುವ ಪ್ಲಮ್‌ಫೀಲ್ಡ್ ಶಾಲೆಯನ್ನು ಯಾರೂ ಅಗೆದು ತೆಗೆಯಲಾಗದಷ್ಟು ಆಳಕ್ಕೆ ಹೂತುಬಿಡುವ ಆಸೆಯಾಗಿದೆಯೆಂದು ಅವರೇ ಬರೆದಿದ್ದಾರೆ. ಓದುಗರು ಬೆಚ್ಚಿಬಿದ್ದಾರೆಂದು ಅದನ್ನು ಕೈಬಿಟ್ಟು, ಯಾರಾದರೂ ಕೇಳುವ ಮೊದಲೇ, ಮದುವೆಗಳೆಲ್ಲ ಚೆನ್ನಾಗಿಯೇ ಬಾಳಿದವೆಂದು ಚುಟುಕಾಗಿ ತಿಳಿಸಿ ಮುಗಿಸಿದ್ದಾರೆ.